ಎರಡನೆಯ ಶನಿವಾರದ ಕೂಟ

ಒಂದೇ ಕಸುಬನ್ನು ಅವಲಂಬಿಸಿರತಕ್ಕವರು ಆಗಾಗ ಒಂದೆಡೆ ಕಲೆತು ತಮ್ಮ ತಮ್ಮ ಅನುಭವಗಳನ್ನು ಹೇಳಿಕೊಳ್ಳುವುದು ನಮ್ಮ ನಾಡಿಗೆ ಹೊಸ ಪದ್ಧತಿಯಲ್ಲ. ಸಂತೆಗೆ ಬಂದ ಒಕ್ಕಲಿಗರು ಮಾರಾಟ ಮುಗಿದ ಮೇಲೆಯೂ ಮರದ ನೆರಳಿನಲ್ಲಿ ಕುಳಿತು ಮಳೆ, ಬೀಜ, ಧಾರಣೆಗಳ ವಿಚಾರವನ್ನು ಮಾತನಾಡಿಕೊಳ್ಳುತ್ತಾರೆ. ಮದುವೆಯ ಮನೆಯ ಅಡಿಗೆಯವರು ರಾತ್ರಿ ಒಲೆಗಳು ಆರಿದ ಮೇಲೆ ಹಿತ್ತಿಲಿನಲ್ಲಿ ಚಾಪೆ ಹಾಸಿಕೊಂಡು, ಯಾವ ಅಂಗಡಿಯ ಬೇಳೆ ಬೇಗ ಬೇಯುತ್ತದೆ, ಯಾವ ಛತ್ರದ ನೀರು ಗಡಸು ಎಂಬುದನ್ನು ಒಬ್ಬರಿಗೊಬ್ಬರು ತಿಳಿಸುತ್ತಾರೆ. ನಮ್ಮ ಗೃಹಿಣಿಯರು ಹಪ್ಪಳ ಒತ್ತುವ ನೆವದಿಂದ ಒಂದು ಮನೆಯ ಪಡಸಾಲೆಯಲ್ಲಿ ಸೇರಿ ಕಲಿತುಕೊಂಡ ವಿದ್ಯೆಯನ್ನು ಯಾವ ಪಾಠಶಾಲೆಯೂ ಕಲಿಸಲಾರದು. ಹೀಗೆ ಪ್ರತಿಯೊಂದು ಕಸುಬಿಗೂ ಒಂದು ಕಟ್ಟೆಯುಂಟು. ಆದರೆ ನಮ್ಮ ಕಾಲದಲ್ಲಿ ಹುಟ್ಟಿ, ನಮ್ಮ ಕಣ್ಣೆದುರಿಗೇ ಬೆಳೆದ ಒಂದು ಕಸುಬಿಗೆ ಮಾತ್ರ ನಮ್ಮ ಊರಿನಲ್ಲಿ ಬಹುಕಾಲ ಅಂತಹ ಕಟ್ಟೆಯಿರಲಿಲ್ಲ. ಅದನ್ನು ಕಟ್ಟಿದ ಬಗೆಯನ್ನೂ ಅದರಿಂದಾದ ಪ್ರಯೋಜನವನ್ನೂ ವಾಚಕರಲ್ಲಿ ನಿವೇದಿಸುವುದು ಈ ಲೇಖನದ ಉದ್ದೇಶ.

ಆ ಕಸುಬು ಯಾವುದೆಂದರೆ, ಜಾಲಕ್ಕೆ ಬೇಕಾದ ತಂತ್ರಾಂಶವನ್ನು ಬರೆಯುವುದು. ಈ ಹೆಸರನ್ನು ಕೇಳಿ ವಾಚಕರು ಪುಟವನ್ನು ತಿರುವಿಬಿಡಬಾರದೆಂದು ಪ್ರಾರ್ಥಿಸುತ್ತೇವೆ. ಮನೆಯಲ್ಲಿ ಕುಳಿತು ವಿದ್ಯುತ್ತಿನ ಬಿಲ್ಲನ್ನು ಕಟ್ಟುವಾಗ, ರೈಲಿನ ಟಿಕೆಟ್ಟನ್ನು ಕಾದಿರಿಸುವಾಗ, ಮಗುವಿನ ಪರೀಕ್ಷೆಯ ಫಲಿತಾಂಶವನ್ನು ಎದೆ ಡವಗುಟ್ಟುತ್ತಿರಲು ನೋಡುವಾಗ, ನಮ್ಮೆದುರಿಗೆ ತೆರೆದುಕೊಳ್ಳುವ ಪುಟಗಳನ್ನು ಯಾರೋ ಒಬ್ಬರು ಒಂದೊಂದು ಸಾಲಾಗಿ ಬರೆದಿರುತ್ತಾರೆ. ಟಿಮ್ ಬರ್ನರ್ಸ್-ಲೀ ಎಂಬ ಆಂಗ್ಲ ವಿದ್ವಾಂಸರು ಜಿನೀವಾ ನಗರದ ಬಳಿಯ ಸರ್ನ್ ಎಂಬ ಸಂಶೋಧನಾಲಯದಲ್ಲಿ 1989ರಲ್ಲಿ ಈ ಜಾಲದ ಯೋಜನೆಯನ್ನು ಮುಂದಿಟ್ಟರು. 1993ನೆಯ ಏಪ್ರಿಲ್ 30ರಂದು ಆ ಸಂಸ್ಥೆಯವರು ಅದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಉಪಯೋಗಿಸಿಕೊಳ್ಳಬಹುದೆಂದು ಲೋಕಕ್ಕೆ ಬಿಟ್ಟುಕೊಟ್ಟರು. ಆ ಔದಾರ್ಯದಿಂದಲೇ ಇಂದು ಮೈಸೂರಿನ ಒಂಟಿಕೊಪ್ಪಲಿನಲ್ಲಿಯೋ ಸರಸ್ವತಿಪುರದಲ್ಲಿಯೋ ಒಂದು ಕೋಣೆಯಲ್ಲಿ ಕುಳಿತು ಸಾವಿರಾರು ಯುವಕ ಯುವತಿಯರು ಅನ್ನ ಸಂಪಾದಿಸುವುದು ಸಾಧ್ಯವಾಗಿದೆ.

ಈ ಕಸುಬಿನ ಒಂದು ಕಷ್ಟವೇನೆಂದರೆ, ಒಮ್ಮೆ ಕಲಿತ ವಿದ್ಯೆ ಬಹುಕಾಲ ನಿಲ್ಲುವುದಿಲ್ಲ. ಬಡಗಿಯ ಉಳಿ ತಂದೆಯಿಂದ ಮಗನಿಗೆ ಬರುತ್ತದೆ. ನಮ್ಮ ಉಪಕರಣಗಳು ಐದಾರು ವರ್ಷಕ್ಕೇ ಹಳತಾಗುತ್ತವೆ. ಪುಟಗಳಿಗೆ ಚಲನೆ ಕೊಡುವ ಜಾವಾಸ್ಕ್ರಿಪ್ಟ್ ಎಂಬ ಭಾಷೆಯನ್ನು ಬ್ರೆಂಡನ್ ಐಕ್ ಎಂಬವರು 1995ರಲ್ಲಿ ಹತ್ತೇ ದಿನಗಳಲ್ಲಿ ರಚಿಸಿದರು. 2015ರಿಂದ ಈಚೆಗೆ ಅದರ ನಿಯಮಗ್ರಂಥವು ವರ್ಷಕ್ಕೊಂದು ಆವೃತ್ತಿಯಂತೆ ಹೊರಡುತ್ತಿದೆ. ವರ್ಷಕ್ಕೊಮ್ಮೆ ವ್ಯಾಕರಣ ಬದಲಾಗುವ ಭಾಷೆಯಲ್ಲಿ ಬರೆಯುವವನ ಪಾಡನ್ನು ವಾಚಕರೇ ಊಹಿಸಿಕೊಳ್ಳಬಹುದು. ಪುಸ್ತಕ ಬರುವಷ್ಟರಲ್ಲಿ ವಿಷಯ ಹಳತಾಗಿರುತ್ತದೆ. ಕಾಲೇಜಿನ ಪಾಠಪಟ್ಟಿ ಇನ್ನೂ ಹಿಂದೆ ಉಳಿದಿರುತ್ತದೆ. ಆದಕಾರಣ ಈ ಕಸುಬಿನವರು ಒಬ್ಬರಿಂದೊಬ್ಬರು ಕಲಿಯದೆ ಗತ್ಯಂತರವಿಲ್ಲ.

ಎರಡನೆಯ ಕಷ್ಟ ಒಂಟಿತನ. ದಿನವೆಲ್ಲ ಗೋಡೆಗೆ ಮುಖಮಾಡಿ ಕುಳಿತು ದುಡಿಯುವವನ ಕೆಲಸದ ಸೊಗಸಾಗಲಿ ಸಂಕಟವಾಗಲಿ ಮನೆಯವರಿಗೆ ತಿಳಿಯುವಂತಿಲ್ಲ. ಮೂರು ದಿನ ಹುಡುಕಿ ಒಂದು ತಪ್ಪನ್ನು ಕಂಡುಹಿಡಿದು, ಒಂದು ಅಲ್ಪವಿರಾಮವನ್ನು ತಿದ್ದಿ, ಸಂತೋಷದಿಂದ ಹೊರಗೆ ಬಂದು ಹೇಳಿದರೆ, "ಇಷ್ಟಕ್ಕೇ ಮೂರು ದಿನವೇ?" ಎಂದು ತಾಯಿ ಕೇಳುತ್ತಾರೆ. ಅವರ ಪ್ರಶ್ನೆ ನ್ಯಾಯವಾದುದೇ. ಆದರೆ ಆ ಮೂರು ದಿನಗಳ ಬೆಲೆಯನ್ನು ಬಲ್ಲವನೊಬ್ಬನು ಊರಿನಲ್ಲಿ ಇದ್ದಾನೆಂಬುದು ತಿಳಿದರೆ ಮನಸ್ಸಿಗೆ ಎಷ್ಟೋ ಸಮಾಧಾನ.

ಬೆಂಗಳೂರಿನವರಿಗೆ ಈ ಕೊರತೆಯಿರಲಿಲ್ಲ. ಅಲ್ಲಿ 2001ರಿಂದಲೇ ಲಿನಕ್ಸ್ ಬಳಗದವರ ದೊಡ್ಡ ಸಮ್ಮೇಳನಗಳು ನಡೆಯುತ್ತಿದ್ದುವು. ಪೈಥಾನ್ ಎಂಬ ಭಾಷೆಯವರ ಬ್ಯಾಂಗ್‌ಪೈಪರ್ಸ್ ಎಂಬ ಕೂಟವಿತ್ತು. ಆ ಭಾಷೆಯ ಮೊದಲನೆಯ ಅಖಿಲ ಭಾರತ ಸಮ್ಮೇಳನವೂ 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಜರುಗಿತು. ಮೈಸೂರಿನವರು ಬೆಳಗಿನ ರೈಲು ಹಿಡಿದು ಹೋಗಿ, ಎರಡು ಗಂಟೆಯ ಮಾತು ಕೇಳಿ, ರಾತ್ರಿಯ ರೈಲಿಗೆ ನಿದ್ದೆಗಣ್ಣಿನಿಂದ ಹಿಂದಿರುಗುತ್ತಿದ್ದರು. ಹಾಗೆ ಹೋಗಿ ಬರುತ್ತಿದ್ದ ನಾವು ನಾಲ್ವರು ಒಂದು ಸಲ ಒಂದೇ ಡಬ್ಬಿಯಲ್ಲಿ ಎದುರುಬದುರಾಗಿ ಕುಳಿತುಕೊಂಡೆವು. ಒಬ್ಬರ ಮನೆ ಜಯಲಕ್ಷ್ಮೀಪುರ, ಇನ್ನೊಬ್ಬರದು ಕುವೆಂಪುನಗರ. ಪರಿಚಯವಾದದ್ದು ಮಾತ್ರ ಮಂಡ್ಯದ ನಿಲ್ದಾಣದಲ್ಲಿ! ಒಂದೇ ಊರಿನವರು ಪರಸ್ಪರ ಕಾಣುವುದಕ್ಕೆ ಇಷ್ಟು ದೂರ ಪ್ರಯಾಣ ಮಾಡಬೇಕೇ ಎಂಬ ವಿಚಾರ ಆಗ ಹುಟ್ಟಿತು. 2016ನೆಯ ಜೂನ್ 11, ಎರಡನೆಯ ಶನಿವಾರ, ನಮ್ಮ ಮೊದಲನೆಯ ಕೂಟ ಸೇರಿತು. ಬಂದವರು ಹನ್ನೊಂದು ಮಂದಿ.

ಇಂತಹ ಸಣ್ಣ ಕೂಟಗಳಿಂದ ಏನು ಮಹಾಕಾರ್ಯ ಆದೀತು ಎಂದು ಕೆಲವರು ಕೇಳಿದರು. ಅಂತಹವರಿಗೆ ನಾವು ಎರಡು ಸಂಗತಿಗಳನ್ನು ಹೇಳುತ್ತಿದ್ದೆವು. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಮೆನ್ಲೋ ಪಾರ್ಕ್ ಎಂಬ ಊರಿನಲ್ಲಿ 1975ನೆಯ ಮಾರ್ಚ್ 5ರಂದು ಗಾರ್ಡನ್ ಫ್ರೆಂಚ್ ಎಂಬವರ ಮನೆಯ ಮೋಟಾರು ಕೊಟ್ಟಿಗೆಯಲ್ಲಿ ಸುಮಾರು ಮೂವತ್ತು ಜನ ಹವ್ಯಾಸಿಗಳು ಸೇರಿದರು. ಅವರ ಕೂಟಕ್ಕೆ ಹೋಂಬ್ರೂ ಕಂಪ್ಯೂಟರ್ ಕ್ಲಬ್ ಎಂದು ಹೆಸರಾಯಿತು. ಅಂದು ಹೋದವರಲ್ಲಿ ಒಬ್ಬ ಯುವಕನು ಸ್ಟೀವ್ ವಾಜ್ನಿಯಾಕ್. ಆತನು ಮುಂದೆ ತಾನು ರಚಿಸಿದ ಯಂತ್ರದ ನಕ್ಷೆಯನ್ನು ಆ ಕೂಟದಲ್ಲಿಯೇ ಎಲ್ಲರಿಗೂ ಹಂಚಿದನು. ಆ ಯಂತ್ರವೇ ಮೊದಲನೆಯ ಆಪಲ್ ಕಂಪ್ಯೂಟರು. ಎರಡನೆಯ ಸಂಗತಿ ನಮ್ಮ ಕಸುಬಿಗೇ ಸೇರಿದ್ದು. 2006ನೆಯ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಬಾರ್‌ಕ್ಯಾಂಪ್ ಎಂಬ ಕೂಟ ನಡೆಯಿತು. ಅಲ್ಲಿ ಮೊದಲೇ ಗೊತ್ತುಮಾಡಿದ ಭಾಷಣಕಾರರೆಂಬವರಿಲ್ಲ. ಬಂದವರೇ ಎದ್ದು ತಮಗೆ ತಿಳಿದುದನ್ನು ಹೇಳತಕ್ಕದ್ದು. ಜಾನ್ ರೆಸಿಗ್ ಎಂಬ ತರುಣನು ಅಲ್ಲಿ ಜೆಕ್ವೆರಿ ಎಂಬ ತನ್ನ ಸಣ್ಣ ತಂತ್ರಾಂಶವನ್ನು ತೋರಿಸಿದನು. ಕೆಲವೇ ವರ್ಷಗಳಲ್ಲಿ ಅದು ಪ್ರಪಂಚದ ಅಸಂಖ್ಯಾತ ಜಾಲತಾಣಗಳ ಒಳಗೆ ಸೇರಿಕೊಂಡಿತು. ನಮ್ಮ ಕೂಟದಿಂದ ಅಂತಹ ವಸ್ತು ಯಾವುದೂ ಹೊರಟಿಲ್ಲ. ಆದರೆ ದೊಡ್ಡದು ಹೊರಡಬೇಕಾದರೂ ಮೊದಲು ಕೂಟ ಸೇರಬೇಕಷ್ಟೆ.

ಇನ್ನು ಕೂಟವನ್ನು ನಡೆಸುವ ಕ್ರಮಕ್ಕೆ ಬರೋಣ. ಇದರಲ್ಲಿ ನಮಗೆ ಗುರುವಾದವರು ಯಾವ ಕಂಪ್ಯೂಟರ್ ಪಂಡಿತರೂ ಅಲ್ಲ. ನಮ್ಮ ಬೀದಿಯಲ್ಲಿ ಏಕಾದಶಿಯ ಭಜನೆಯನ್ನು ಮೂವತ್ತು ವರ್ಷಗಳಿಂದ ತಪ್ಪದೆ ನಡೆಸಿಕೊಂಡು ಬಂದಿದ್ದ ವೃದ್ಧರೊಬ್ಬರು. ನಮ್ಮ ಸಂಕಲ್ಪವನ್ನು ಕೇಳಿ ಅವರು ಹೇಳಿದ ಬುದ್ಧಿವಾದ ಮೂರೇ ಮಾತು. "ದಿನವನ್ನು ಬದಲಾಯಿಸಬೇಡಿ. ಎಷ್ಟು ಜನ ಬಂದರೆಂದು ಎಣಿಸಬೇಡಿ. ಬಾಗಿಲು ತೆಗೆಯುವವನು ಒಬ್ಬನೇ ಆಗಿರುವುದು ಬೇಡ." ನಾವು ಮುಂದೆ ಓದಿದ ಯಾವ ಪುಸ್ತಕದಲ್ಲಿಯೂ ಇದಕ್ಕಿಂತ ಹೆಚ್ಚಿನದು ನಮಗೆ ದೊರೆಯಲಿಲ್ಲ.

ದಿನದ ವಿಷಯ. ಎರಡನೆಯ ಶನಿವಾರ ಸರ್ಕಾರಿ ಕಚೇರಿಗಳಿಗೆ ರಜೆಯಾದುದರಿಂದ ಅದನ್ನು ಜ್ಞಾಪಕದಲ್ಲಿಡುವುದು ಸುಲಭ. ಸಂಜೆ ನಾಲ್ಕರಿಂದ ಆರೂವರೆಯವರೆಗೆ ಎಂದು ಗೊತ್ತುಮಾಡಿದೆವು. ಹೆಣ್ಣುಮಕ್ಕಳು ಕತ್ತಲಾಗುವ ಹೊತ್ತಿಗೆ ಮನೆ ಸೇರಬೇಕೆಂಬುದೂ, ಹೊರ ಊರಿನವರಿಗೆ ಬಸ್ಸು ಸಿಕ್ಕಬೇಕೆಂಬುದೂ ಇದಕ್ಕೆ ಕಾರಣ. ಒಂದು ತಿಂಗಳು ಮೂರನೆಯ ಶನಿವಾರ, ಮತ್ತೊಂದು ತಿಂಗಳು ಭಾನುವಾರ ಎಂದು ಅನುಕೂಲ ನೋಡಿಕೊಂಡು ಬದಲಾಯಿಸುತ್ತ ಹೋದರೆ, ಬರುವವರು ಪ್ರತಿಸಲವೂ ಹೊಸದಾಗಿ ನಿಶ್ಚಯ ಮಾಡಬೇಕಾಗುತ್ತದೆ. ದಿನ ಸ್ಥಿರವಾಗಿದ್ದರೆ ಕಾಲೇ ದಾರಿಯನ್ನು ಹಿಡಿಯುತ್ತದೆ. ಕೊಡಗಿನಲ್ಲಿ ಅತಿವೃಷ್ಟಿಯಾದ 2018ರ ಆಗಸ್ಟ್ ತಿಂಗಳಲ್ಲಿ ನಮ್ಮಲ್ಲಿಯೂ ಮಳೆ ಹಿಡಿದು ಕೂಟಕ್ಕೆ ಬಂದವರು ಮೂವರೇ. ಆ ಮೂವರೂ ಗೊತ್ತಾದ ವೇಳೆಯವರೆಗೆ ಕುಳಿತು, ಒಂದು ಪಾಠವನ್ನು ಓದಿ, ಚಹ ಕುಡಿದು ಎದ್ದರು. 2024ರಲ್ಲಿ ಅಕ್ಟೋಬರ್ 12, ಎರಡನೆಯ ಶನಿವಾರ, ವಿಜಯದಶಮಿಯಾಗಿಬಿಟ್ಟಿತು. ಜಂಬೂಸವಾರಿಯ ದಿನ ಮೈಸೂರಿನಲ್ಲಿ ಸಭೆಯೇ ಎಂದು ಊರೆಲ್ಲ ನಗುವಂತಿತ್ತು. ಅಂದು ಬೆಳಿಗ್ಗೆ ಏಳು ಗಂಟೆಗೆ ಕುವೆಂಪುನಗರದ ಒಂದು ಮನೆಯ ತಾರಸಿಯ ಮೇಲೆ ಸೇರಿ, ಒಂಬತ್ತಕ್ಕೆ ಮುಗಿಸಿ, ಎಲ್ಲರೂ ಮೆರವಣಿಗೆಗೆ ಹೋದೆವು.

ಸ್ಥಳದ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಮೊದಲ ವರ್ಷ ಒಂದು ಸಂಸ್ಥೆಯವರು ತಮ್ಮ ಮಹಡಿಯ ಕೊಠಡಿಯನ್ನು ಉಚಿತವಾಗಿ ಕೊಟ್ಟಿದ್ದರು. ಆ ಉಪಕಾರವನ್ನು ಮರೆಯಲಾರೆವು. ಆದರೆ ಒಂದು ಶನಿವಾರ ಮಧ್ಯಾಹ್ನ ಮೂರು ಗಂಟೆಗೆ, ಇನ್ನು ಮುಂದೆ ಕೊಠಡಿ ದೊರೆಯುವುದಿಲ್ಲವೆಂಬ ಸಮಾಚಾರವನ್ನು ಕಾವಲುಗಾರನ ಮೂಲಕ ಹೇಳಿ ಕಳುಹಿಸಿದರು. ಬರುವವರು ಆಗಲೇ ದಾರಿಯಲ್ಲಿದ್ದರು. ಇಪ್ಪತ್ತೆರಡು ಜನ ಸಮೀಪದ ಉದ್ಯಾನದ ಕಲ್ಲುಬೆಂಚುಗಳ ಮೇಲೆ ಕುಳಿತರು. ಪ್ರೊಜೆಕ್ಟರಿಲ್ಲ, ಪರದೆಯಿಲ್ಲ. ಭಾಷಣ ಮಾಡಬೇಕಾಗಿದ್ದವರು ಒಂದು ಕಡ್ಡಿಯಿಂದ ನೆಲದ ಮೇಲೆ ಚಿತ್ರ ಬರೆದು, ಒಂದು ಕೋರಿಕೆ ನಮ್ಮ ಫೋನಿನಿಂದ ಹೊರಟು ದೂರದ ಯಂತ್ರವನ್ನು ಮುಟ್ಟಿ ಉತ್ತರ ತರುವ ಬಗೆಯನ್ನು ವಿವರಿಸಿದರು. ಪಕ್ಕದಲ್ಲಿ ವಾಯುಸೇವನೆಗೆ ಬಂದಿದ್ದ ಹಿರಿಯರಿಬ್ಬರು ಕೊನೆಯವರೆಗೂ ನಿಂತು ಕೇಳಿ, "ಇದು ಅಂಚೆಯ ಹಾಗೆಯೇ ಅಲ್ಲವೇ?" ಎಂದರು. ಅದಾದ ಬಳಿಕ ಎರಡು ಸ್ಥಳಗಳನ್ನು ಸದಾ ಸಿದ್ಧವಾಗಿಟ್ಟುಕೊಳ್ಳುವ ಪದ್ಧತಿಯನ್ನು ಹಾಕಿಕೊಂಡೆವು. ಈಗ ಒಂದು ಶಾಲೆಯ ಗ್ರಂಥಾಲಯದ ಕೊಠಡಿಯಲ್ಲಿ ಕೂಟ ನಡೆಯುತ್ತಿದೆ.

ಕಾರ್ಯಕ್ರಮ ಬಹು ಸರಳ. ಅರ್ಧ ಗಂಟೆಯ ಒಂದು ಭಾಷಣ. ಅದರ ಮೇಲೆ ಪ್ರಶ್ನೆ. ಅನಂತರ ಐದೈದು ನಿಮಿಷದ ನಾಲ್ಕು ಸಣ್ಣ ಮಾತುಗಳು. ಮೊದಲ ಸಲ ಮಾತನಾಡುವವರಿಗೆ ಈ ಐದು ನಿಮಿಷವೇ ಪ್ರಶಸ್ತ. ನಾಲಿಗೆ ಒಣಗಿದರೂ ಐದು ನಿಮಿಷ ಹೇಗೋ ಕಳೆದುಹೋಗುತ್ತದೆ. ಉಳಿದ ಒಂದು ಗಂಟೆಗೆ ಕಾರ್ಯಕ್ರಮವೆಂಬುದೇ ಇಲ್ಲ. ಕುರ್ಚಿಗಳನ್ನು ಗುಂಪು ಗುಂಪಾಗಿ ಎಳೆದುಕೊಂಡು, ಚಹ, ಉಪ್ಪಿಟ್ಟುಗಳ ನಡುವೆ, ಒಬ್ಬರು ತಮ್ಮ ಕೆಲಸದಲ್ಲಿ ಬಂದ ಸಿಕ್ಕನ್ನು ಬಿಚ್ಚಿಡುತ್ತಾರೆ, ಮತ್ತೊಬ್ಬರು ಬಿಡಿಸಲು ನೋಡುತ್ತಾರೆ. ಕೂಟದ ಸಾರವೆಲ್ಲ ಈ ಒಂದು ಗಂಟೆಯಲ್ಲಿದೆಯೆಂದು ನಮ್ಮ ಅಭಿಪ್ರಾಯ. ಉಪ್ಪಿಟ್ಟನ್ನು ಮೊದಲೇ ಕೊಟ್ಟರೆ ತಿಂದು ಹೊರಡುವವರೂ ಉಂಟು. ಆದಕಾರಣ ಅದು ಭಾಷಣದ ಅನಂತರವೇ ಬರತಕ್ಕದ್ದೆಂಬುದು ನಮ್ಮ ಗೃಹಿಣಿಯೊಬ್ಬರ ಸಲಹೆ. ಇನ್ನು ಎಲ್ಲ ಬಗೆಯ ಲ್ಯಾಪ್‌ಟಾಪಿಗೂ ಹೊಂದುವ ತಂತಿಗಳು, ಉದ್ದನೆಯ ಎಕ್ಸ್‌ಟೆನ್ಷನ್ ಬೋರ್ಡು, ಸೀಮೆಸುಣ್ಣದ ಪೆಟ್ಟಿಗೆ, ಇವು ಮೂರನ್ನೂ ಒಂದು ಚೀಲದಲ್ಲಿ ಹಾಕಿ ಬಾಗಿಲ ಬಳಿ ತೂಗುಹಾಕಿದ್ದೇವೆ. ವಿದ್ಯುತ್ತು ಹೋದ ದಿನ ಸೀಮೆಸುಣ್ಣವೇ ಕಾಪಾಡುತ್ತದೆ.

ಭಾಷೆಯ ಪ್ರಶ್ನೆ ಎರಡನೆಯ ತಿಂಗಳಲ್ಲಿಯೇ ಎದ್ದಿತು. ಈ ಕಸುಬಿನ ಮಾತೆಲ್ಲ ಇಂಗ್ಲಿಷಿನಲ್ಲಿದೆ. ಬೇರೆ ಪ್ರಾಂತಗಳಿಂದ ಬಂದ ಸ್ನೇಹಿತರೂ ನಮ್ಮಲ್ಲಿದ್ದಾರೆ. ಹೀಗಿರಲು, ಹುಣಸೂರಿನ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಪಾಲಿಟೆಕ್ನಿಕ್ ವಿದ್ಯಾರ್ಥಿಯು ಮೂರು ಕೂಟಗಳಲ್ಲಿ ಒಂದು ಮಾತನ್ನೂ ಆಡದೆ ಹಿಂದಿನ ಸಾಲಿನಲ್ಲಿ ಕುಳಿತು ಹೋದನು. ನಾಲ್ಕನೆಯ ಸಲ ಚಹದ ಹೊತ್ತಿನಲ್ಲಿ ಒಬ್ಬರು ಕನ್ನಡದಲ್ಲಿ ಮಾತಿಗೆಳೆದಾಗ, ಅಂದಿನ ಭಾಷಣದಲ್ಲಿದ್ದ ಒಂದು ದೋಷವನ್ನು ಆತನು ಸ್ಪಷ್ಟವಾಗಿ ಎತ್ತಿ ತೋರಿಸಿದನು. ಭಾಷಣಕಾರರನ್ನು ಅಲ್ಲಿಗೆ ಕರೆದು ಕೇಳಿದುದರಲ್ಲಿ ಅವರೂ ಒಪ್ಪಿಕೊಂಡರು. ಆ ತಿಂಗಳಿಂದ ಪ್ರಶ್ನೆಯನ್ನು ಯಾವ ಭಾಷೆಯಲ್ಲಿ ಕೇಳಿದರೂ ಸರಿ, ಪಕ್ಕದವರು ಅನುವಾದ ಮಾಡಿ ಹೇಳತಕ್ಕದ್ದು ಎಂಬ ನಿಯಮವಾಯಿತು. ತಿಂಗಳಿಗೊಂದು ಸಣ್ಣ ಮಾತಾದರೂ ಕನ್ನಡದಲ್ಲಿಯೇ ಇರಬೇಕೆಂದೂ ಆಯಿತು. ಆ ವಿದ್ಯಾರ್ಥಿ ಈಗ ಇಬ್ಬರು ಕಿರಿಯರನ್ನು ಪಳಗಿಸುತ್ತಿದ್ದಾನೆ.

ಕನ್ನಡದಲ್ಲಿ ಮಾತು ಪ್ರಾರಂಭವಾದುದರಿಂದ ಕನ್ನಡದ ತೊಡಕುಗಳೂ ಚರ್ಚೆಗೆ ಬಂದುವು. ಒಂದು ಕೂಟದಲ್ಲಿ ತರುಣಿಯೊಬ್ಬಳು ಹಲಗೆಯ ಮೇಲೆ 'ಸ್ತ್ರೀ' ಎಂದು ಬರೆದು, ಇದು ಎಷ್ಟು ಅಕ್ಷರವೆಂದು ಕೇಳಿದಳು. ಒಂದು ಎಂದರು ಎಲ್ಲರೂ. ಯಂತ್ರದ ಲೆಕ್ಕದಲ್ಲಿ ಅದು ಆರು. ಸಕಾರ, ಹಲಂತದ ಗುರುತು, ತಕಾರ, ಮತ್ತೆ ಹಲಂತದ ಗುರುತು, ರಕಾರ, ಈತ್ವ. ಯೂನಿಕೋಡ್ ಎಂಬ ಜಾಗತಿಕ ಲಿಪಿಕೋಷ್ಟಕದಲ್ಲಿ ಒಂದೊಂದಕ್ಕೂ ಪ್ರತ್ಯೇಕ ಸಂಖ್ಯೆ ಉಂಟು. ಅರ್ಜಿಯಲ್ಲಿ ಹೆಸರಿಗೆ ಇಪ್ಪತ್ತೇ ಅಕ್ಷರವೆಂದು ಮಿತಿ ಹಾಕಿದವನು ಇದನ್ನು ತಿಳಿಯದಿದ್ದರೆ, ಕನ್ನಡದಲ್ಲಿ ಬರೆದ ಹೆಸರು ಅರ್ಧಕ್ಕೇ ತುಂಡಾಗುತ್ತದೆ. ಆಕೆ ಮತ್ತೊಂದನ್ನೂ ತೋರಿಸಿದಳು. ಹಳೆಯ ಮೈಸೂರಿನ ಕಡೆ ಬಹುಮಂದಿಗೆ ಮನೆತನದ ಹೆಸರೆಂಬುದಿಲ್ಲ. ಊರಿನ ಹೆಸರಿಗೊಂದು, ತಂದೆಯ ಹೆಸರಿಗೊಂದು ಮೊದಲಕ್ಷರ, ಆಮೇಲೆ ತನ್ನ ಹೆಸರು. ಜಾಲದ ಅರ್ಜಿಯಾದರೋ 'ಕೊನೆಯ ಹೆಸರು' ಬರೆಯದೆ ಮುಂದಕ್ಕೆ ಬಿಡುವುದಿಲ್ಲ. ಆಕೆಯ ಅಜ್ಜಿ ಒಂದು ಕಡೆ ಊರಿನ ಹೆಸರನ್ನೂ ಇನ್ನೊಂದು ಕಡೆ ಪತಿಯ ಹೆಸರನ್ನೂ ತುಂಬಿಸಿ, ಎರಡು ದಾಖಲೆಗಳೂ ಹೊಂದದೆ, ಪಿಂಚಣಿಗಾಗಿ ಅಲೆದ ಕಥೆಯನ್ನು ಹೇಳಿದಾಗ ಸಭೆಯಲ್ಲಿ ಯಾರೂ ನಗಲಿಲ್ಲ. ಎಲ್ಲರ ಮನೆಯಲ್ಲಿಯೂ ಅಂತಹ ಒಬ್ಬ ಅಜ್ಜಿ ಇದ್ದರು.

ನಮ್ಮ ಕೂಟದ ಚರಿತ್ರೆಯಲ್ಲಿ ಮರೆಯಲಾಗದ ದಿನವೊಂದುಂಟು. ಕಣ್ಣು ಕಾಣದ ಯುವಕನೊಬ್ಬನು ತಮ್ಮನ ಕೈಹಿಡಿದು ಬಂದು, ಐದು ನಿಮಿಷ ತನಗೂ ಬೇಕೆಂದು ಕೇಳಿದನು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶ ಆತನ ಯಂತ್ರದಲ್ಲಿತ್ತು. 2006ರಲ್ಲಿ ಆಸ್ಟ್ರೇಲಿಯದ ಮೈಕಲ್ ಕರನ್ ಎಂಬವರು ಇದನ್ನು ಪ್ರಾರಂಭಿಸಿದರು; ಜೇಮ್ಸ್ ಟೆ ಎಂಬ ಸ್ನೇಹಿತರು ಜೊತೆಗೂಡಿದರು. ಇಬ್ಬರೂ ಅಂಧರೇ. ಅದನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟಿದ್ದಾರೆ. ಯುವಕನು ದೀಪಗಳನ್ನೂ ಪ್ರೊಜೆಕ್ಟರನ್ನೂ ಆರಿಸುವಂತೆ ಹೇಳಿ, ಕತ್ತಲಿನಲ್ಲಿ ಒಂದು ಅಂಗಡಿಯ ಜಾಲತಾಣವನ್ನು ತೆರೆದನು. ಯಂತ್ರ ಓದತೊಡಗಿತು: "ಚಿತ್ರ. ಚಿತ್ರ. ಗುಂಡಿ. ಗುಂಡಿ. ಚಿತ್ರ." ಎರಡು ನಿಮಿಷ ಇದೇ ಆಯಿತು. "ನಾನು ಇಲ್ಲಿ ಅಕ್ಕಿ ಕೊಳ್ಳಬೇಕು. ಯಾವ ಗುಂಡಿ ಒತ್ತಲಿ, ಅಣ್ಣಾ?" ಎಂದು ಆತನು ಕತ್ತಲನ್ನು ಕೇಳಿದನು. ಯಾರಿಗೂ ಉತ್ತರ ತೋಚಲಿಲ್ಲ.

ಚಿತ್ರವೊಂದಕ್ಕೆ ಬದಲಿಯಾಗಿ ನಾಲ್ಕು ಮಾತಿನ ವಿವರಣೆಯನ್ನು ಬರೆದಿಡುವುದಕ್ಕೆ ಅರ್ಧ ನಿಮಿಷ ಸಾಕು. ಹೀಗೆ ಬರೆಯಬೇಕೆಂಬ ಮಾರ್ಗಸೂಚಿ 1999ರಲ್ಲಿಯೇ ಪ್ರಕಟವಾಗಿದೆ. ನಮ್ಮ ದೇಶದಲ್ಲಿ ಅಂಗವಿಕಲರ ಹಕ್ಕುಗಳ ಕಾಯಿದೆಯೂ 2016ರಲ್ಲಿ ಆಗಿದೆ. ಪುಸ್ತಕದಲ್ಲಿದ್ದ ಈ ವಿಷಯ ಅಂದು ಆ ಕತ್ತಲಿನ ಕೊಠಡಿಯಲ್ಲಿ ಮನಸ್ಸಿಗೆ ನಾಟಿತು. ಮುಂದಿನ ಎರಡನೆಯ ಶನಿವಾರದೊಳಗೆ ಕೂಟದ ಆರು ಮಂದಿ ತಾವು ಕೆಲಸ ಮಾಡುತ್ತಿದ್ದ ತಾಣಗಳನ್ನು ತಿದ್ದಿ, ಆ ಯುವಕನಿಂದಲೇ ಓದಿಸಿ ಪರೀಕ್ಷೆ ಮಾಡಿಸಿದರು. ಅವುಗಳಲ್ಲಿ ಎಷ್ಟು ಮಂದಿ ಕಣ್ಣಿಲ್ಲದವರು ಅಕ್ಕಿ ಕೊಂಡರೋ, ಹಣ ಕಟ್ಟಿದರೋ, ಲೆಕ್ಕವಿಡುವವರು ಯಾರು? ಆ ಆರು ಮಂದಿ ಅಂದು ಮನೆಯಲ್ಲಿಯೇ ಕುಳಿತಿದ್ದರೆ ಆ ಗುಂಡಿಗಳು ಹಾಗೆಯೇ ಉಳಿಯುತ್ತಿದ್ದುವು.

ಹೆಣ್ಣುಮಕ್ಕಳ ವಿಷಯವನ್ನು ಈ ಪತ್ರಿಕೆಯ ವಾಚಕರಿಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಮೊದಲ ಆರು ತಿಂಗಳು ನಮ್ಮ ಕೂಟದಲ್ಲಿ ಸ್ತ್ರೀಯರು ಇಬ್ಬರೇ. ಆಹ್ವಾನ ಕಳುಹಿಸಿದರೂ ಹೆಚ್ಚಲಿಲ್ಲ. ಆ ಇಬ್ಬರನ್ನೇ ಕೇಳಿದಾಗ ಅವರು ಹೇಳಿದ ಕಾರಣಗಳು ಮನೆಮನೆಗೆ ಗೊತ್ತಿರುವಂತಹವೇ. ಕೊಠಡಿ ಮುಖ್ಯರಸ್ತೆಯಿಂದ ದೂರ, ಮೆಟ್ಟಿಲಿಗೆ ದೀಪವಿಲ್ಲ, ಪ್ರಶ್ನೆ ಕೇಳಿದರೆ ನಡುವೆ ಬಾಯಿಹಾಕುವವರು ಬಹಳ, ಮಗುವನ್ನು ಬಿಡುವುದಕ್ಕೆ ಸ್ಥಳವಿಲ್ಲ. ಒಂದೊಂದಕ್ಕೂ ಪರಿಹಾರವಿತ್ತು. ದೀಪ ಹಾಕಿಸಿದೆವು. ಸಭಾಮರ್ಯಾದೆಯ ಆರು ನಿಯಮಗಳನ್ನು ಬರೆದು ಬಾಗಿಲಿಗೆ ಅಂಟಿಸಿದೆವು. ಒಬ್ಬರು ಮಾತನಾಡುವಾಗ ಮತ್ತೊಬ್ಬರು ತಡೆಯಬಾರದು, ಕೇಳದೆ ಯಾರ ಫೋಟೋವನ್ನೂ ತೆಗೆಯಬಾರದು, ಯಾರ ದೂರವಾಣಿ ಸಂಖ್ಯೆಗೂ ಒತ್ತಾಯಿಸಬಾರದು ಎಂಬವು ಅವುಗಳಲ್ಲಿ ಮುಖ್ಯವಾದುವು. ಮಾತಿಗೂ ಬಗ್ಗದೆ ನಿಯಮ ಮೀರಿದವನೊಬ್ಬನಿಗೆ ಇನ್ನು ಬರಬೇಡವೆಂದು ಹೇಳಬೇಕಾಯಿತು. ಆತನು ಬಹಳ ಬುದ್ಧಿವಂತ. ಆದರೂ ಆ ಸ್ಥಾನ ತೆರವಾದುದರಿಂದ ಮುಂದಿನ ತಿಂಗಳು ನಾಲ್ವರು ಬಂದರು.

ಆ ನಾಲ್ವರಲ್ಲಿ ಒಬ್ಬ ಗೃಹಿಣಿ, ಮಗುವಿನ ಪೋಷಣೆಗಾಗಿ ಕೆಲಸ ಬಿಟ್ಟು ಏಳು ವರ್ಷವಾಗಿತ್ತು. ಅಷ್ಟರಲ್ಲಿ ಆಕೆ ಕಲಿತಿದ್ದ ಉಪಕರಣಗಳೆಲ್ಲ ಮೂಲೆ ಸೇರಿದ್ದುವು. ಮೊದಲ ದಿನ ಅತ್ತೆಯವರೇ ಜೊತೆಯಲ್ಲಿ ಬಂದು, ಹೊರಗಿನ ಬೆಂಚಿನ ಮೇಲೆ ಮೊಮ್ಮಗಳೊಂದಿಗೆ ಕಾದಿದ್ದರು. ಮುಂದಿನ ತಿಂಗಳು ಒಳಗೆ ಬಂದು ಕುಳಿತರು. ಅದರ ಮುಂದಿನ ತಿಂಗಳು, "ನನಗೆ ನಿಮ್ಮ ಮಾತು ಒಂದೂ ತಿಳಿಯುವುದಿಲ್ಲ. ಆದರೆ ನಮ್ಮ ಹುಡುಗಿ ಮಾತನಾಡುವಾಗ ನೀವೆಲ್ಲ ತಲೆದೂಗುವುದು ಕಾಣುತ್ತದಲ್ಲ, ಅಷ್ಟು ಸಾಕು" ಎಂದರು. ಹತ್ತು ತಿಂಗಳ ಬಳಿಕ ಆ ಸೊಸೆಗೆ ಕೆಲಸ ದೊರೆಯಿತು. ಕೆಲಸ ಕೊಟ್ಟವರು ಕೂಟದಲ್ಲಿ ಆಕೆಯ ಭಾಷಣ ಕೇಳಿದವರೇ. ಆ ಮನೆಯಲ್ಲಿ ಅತ್ತೆಯವರು, "ನಾನು ಮಗುವನ್ನು ನೋಡಿಕೊಳ್ಳುತ್ತೇನೆ, ನೀನು ಹೋಗಿ ಬಾ" ಎನ್ನದಿದ್ದರೆ ನಮ್ಮ ಕೂಟವಿದ್ದೂ ಏನು ಪ್ರಯೋಜನವಿತ್ತು?

ಹಣದ ಮಾತನ್ನೂ ಆಡಬೇಕು. ಒಂದು ಕಂಪೆನಿಯವರು ಬಂದು ಬಾಡಿಗೆ, ಊಟ, ಉಪಚಾರ ಎಲ್ಲವನ್ನೂ ತಾವು ವಹಿಸಿಕೊಳ್ಳುವುದಾಗಿ ಹೇಳಿದರು. ಪ್ರತಿಯಾಗಿ ಅವರು ಕೇಳಿದ್ದು, ಬಂದವರೆಲ್ಲರ ಹೆಸರು, ದೂರವಾಣಿ ಸಂಖ್ಯೆ ಮತ್ತು ಸಂಬಳದ ವಿವರಗಳ ಪಟ್ಟಿ. ನಮ್ಮನ್ನು ನಂಬಿ ಬಂದವರ ವಿಳಾಸವನ್ನು ಉಪ್ಪಿಟ್ಟಿಗೆ ಮಾರುವುದು ಹೇಗೆ? ಕೈಮುಗಿದು ಕಳುಹಿಸಿದೆವು. ಅಂದಿನಿಂದ ಮೇಜಿನ ಮೇಲೆ ಒಂದು ಸ್ಟೀಲಿನ ಡಬ್ಬಿಯಿರುತ್ತದೆ. ಸಂಪಾದಿಸುವವರು ಮೂವತ್ತು ರೂಪಾಯಿ ಹಾಕುತ್ತಾರೆ, ವಿದ್ಯಾರ್ಥಿಗಳು ಹಾಕಬೇಕಾಗಿಲ್ಲ. ಯಾರು ಹಾಕಿದರು, ಯಾರು ಬಿಟ್ಟರು ಎಂದು ನೋಡುವವರಿಲ್ಲ. ಚಹ, ತಿಂಡಿಗೆ ಅದು ಸಾಲದೇ ಹೋದ ತಿಂಗಳು ವಿರಳ.

2020ನೆಯ ಮಾರ್ಚ್ 14ರ ಎರಡನೆಯ ಶನಿವಾರಕ್ಕೆ ಎಲ್ಲ ಸಿದ್ಧವಾಗಿತ್ತು. ಹಿಂದಿನ ದಿನವೇ ಕರ್ನಾಟಕ ಸರ್ಕಾರವು ಕೋವಿಡ್ ರೋಗದ ನಿಮಿತ್ತ ಒಂದು ವಾರ ಸಮಾರಂಭಗಳನ್ನು ನಿಲ್ಲಿಸಬೇಕೆಂದು ಆಜ್ಞೆ ಹೊರಡಿಸಿತು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತು. ಅದುವರೆಗೆ ಒಂದೂ ತಪ್ಪದೆ 45 ಕೂಟಗಳು ನಡೆದಿದ್ದುವು. ಆಮೇಲೆ ಎರಡು ವರ್ಷ ಪರದೆಯ ಮೇಲೆಯೇ ಸೇರಿದೆವು. ಭಾಷಣಗಳು ಚೆನ್ನಾಗಿಯೇ ಆದುವು. ಅಮೆರಿಕದಲ್ಲಿರುವ ಕನ್ನಡಿಗರೂ ಬಂದು ಮಾತನಾಡಿದರು. ಆದರೆ ಚಹದ ಗಂಟೆ ಇಲ್ಲವಾಯಿತು. ಭಾಷಣ ಮುಗಿದೊಡನೆ ಮುಖಗಳು ಒಂದೊಂದಾಗಿ ಆರಿಹೋಗುತ್ತಿದ್ದುವು. ಆ ದಿನಗಳಲ್ಲಿ ನಮ್ಮವರಲ್ಲಿ ಒಬ್ಬರು ತಂದೆಯನ್ನು ಕಳೆದುಕೊಂಡರು. ಎರಡು ತಿಂಗಳು ಅದು ಯಾರಿಗೂ ತಿಳಿಯಲಿಲ್ಲ. ಒಂದೇ ಕೊಠಡಿಯಲ್ಲಿ ಸೇರುತ್ತಿದ್ದ ಕಾಲದಲ್ಲಾದರೆ ಖಾಲಿಯ ಕುರ್ಚಿಯೇ ತಿಳಿಸುತ್ತಿತ್ತು. 2022ನೆಯ ಏಪ್ರಿಲ್ 9ರಂದು ಮತ್ತೆ ಬಾಗಿಲು ತೆರೆದಾಗ ಬಂದವರು ಏಳು ಜನ. ಅಂದು ಭಾಷಣವನ್ನೇ ಮಾಡಲಿಲ್ಲ.

ಈಗ ಹೊಸದೊಂದು ಪ್ರಶ್ನೆ ಬಂದಿದೆ. 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಎಂಬ ಯಂತ್ರ ಪ್ರಕಟವಾದಂದಿನಿಂದ, ಕೇಳಿದ ಪ್ರಶ್ನೆಗೆ ಯಂತ್ರವೇ ಕ್ಷಣಮಾತ್ರದಲ್ಲಿ ಉತ್ತರ ಕೊಡುತ್ತಿದೆ; ತಂತ್ರಾಂಶವನ್ನೂ ಬರೆದುಕೊಡುತ್ತಿದೆ. ಹೀಗಿರುವಾಗ ಬಸ್ಸು ಹತ್ತಿ ಕೂಟಕ್ಕೆ ಏಕೆ ಬರಬೇಕು, ಈ ಕಸುಬಾದರೂ ಉಳಿಯುತ್ತದೆಯೇ, ಎಂದು ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಆಕೆಯ ತಂದೆ ಸಾಲ ಮಾಡಿ ಓದಿಸುತ್ತಿದ್ದಾರೆ. ಮಾತು ವಿನೋದಕ್ಕಾಗಿ ಬಂದುದಲ್ಲ. ಕಸುಬಿನ ಭವಿಷ್ಯವನ್ನು ಹೇಳಲು ನಾವು ಜ್ಯೋತಿಷಿಗಳಲ್ಲ. ಯಂತ್ರದ ಉಪಕಾರವನ್ನೂ ಅಲ್ಲಗಳೆಯುವುದಿಲ್ಲ, ನಾವೂ ದಿನವೂ ಅದನ್ನು ಉಪಯೋಗಿಸುತ್ತೇವೆ. ಆದರೆ ಅಂದು ಕೂಟದಲ್ಲಿ ನಡೆದುದನ್ನು ಹೇಳಬಹುದು. ಹಿರಿಯರೊಬ್ಬರು ತಮ್ಮ ಕಚೇರಿಯಲ್ಲಿ ಈ ಬದಲಾವಣೆಯಿಂದ ಯಾವ ಕೆಲಸ ಹೋಯಿತು, ಯಾವುದು ಉಳಿಯಿತು ಎಂದು ಬಿಚ್ಚಿ ಹೇಳಿದರು. ಯಂತ್ರ ಬರೆದುಕೊಟ್ಟುದನ್ನು ಪರೀಕ್ಷೆ ಮಾಡದೆ ಬಳಸಿ ತೊಂದರೆಗೆ ಸಿಕ್ಕಿದವರೊಬ್ಬರು ತಮ್ಮ ಅನುಭವವನ್ನು ಹೇಳಿದರು. ಕೆಲಸ ಕಳೆದುಕೊಂಡಿದ್ದ ಇಬ್ಬರು, ಹಾಗೆಂದು ಮೊದಲ ಸಲ ಬಾಯಿಬಿಟ್ಟು ಹೇಳಿದರು. ಅವರಲ್ಲಿ ಒಬ್ಬರಿಗೆ ಅಲ್ಲಿಯೇ ಮೂರು ತಿಂಗಳ ಕೆಲಸವೊಂದು ಗೊತ್ತಾಯಿತು. ವಿದ್ಯಾರ್ಥಿನಿ ಒಂಬತ್ತು ಪುಟ ಟಿಪ್ಪಣಿ ಬರೆದುಕೊಂಡಳು. ಆಕೆ ಈಗಲೂ ಬರುತ್ತಿದ್ದಾಳೆ.

ಭಜನೆಯ ವೃದ್ಧರ ಮೂರನೆಯ ಮಾತು ನಡೆಸಲು ಎಲ್ಲಕ್ಕಿಂತ ಕಷ್ಟವಾದುದು. ನಡೆಸುವವರಿಗೆ ನಡೆಸುವ ಮೋಹ ಹತ್ತುತ್ತದೆ. ಉಳಿದವರಿಗೆ ಅತಿಥಿಗಳಾಗಿರುವ ಸುಖ ಹತ್ತುತ್ತದೆ. ಆದಕಾರಣ ಆರು ತಿಂಗಳಿಗೊಮ್ಮೆ ಚೀಲವನ್ನೂ ಬೀಗದ ಕೈಯನ್ನೂ ಡಬ್ಬಿಯನ್ನೂ ಹೊಸ ಇಬ್ಬರಿಗೆ ಒಪ್ಪಿಸುವ ಪದ್ಧತಿ ಇಟ್ಟುಕೊಂಡಿದ್ದೇವೆ. ಈಗ ನಡೆಸುತ್ತಿರುವವರು ನಾವು ಪ್ರಾರಂಭಿಸಿದಾಗ ಪ್ರೌಢಶಾಲೆಯಲ್ಲಿದ್ದವರು. ಅವರು ಉಪ್ಪಿಟ್ಟಿನ ಬದಲು ಮದ್ದೂರು ವಡೆ ತರಿಸುತ್ತಾರೆ, ಕುರ್ಚಿಗಳನ್ನು ಬೇರೆ ರೀತಿ ಹಾಕುತ್ತಾರೆ. ನಾವು ಮಾತನಾಡುವುದಿಲ್ಲ.

ಶಿವಮೊಗ್ಗ, ಹಾಸನ, ದಾವಣಗೆರೆ, ಕಲಬುರಗಿ ಮೊದಲಾದ ಊರುಗಳಲ್ಲಿಯೂ ಈ ಕಸುಬಿನ ತರುಣರು ಮನೆಮನೆಗಳಲ್ಲಿ ಒಂಟಿಯಾಗಿ ದುಡಿಯುತ್ತಿದ್ದಾರೆ. ಕೂಟ ಪ್ರಾರಂಭಿಸುವುದಕ್ಕೆ ಮೂವರಿದ್ದರೆ ಸಾಕು. ಒಂದು ದಿನ, ಒಂದು ಕೊಠಡಿ, ಒಂದು ಚಹದ ಪಾತ್ರೆ. ಹನಿಗೂಡಿದರೆ ಹಳ್ಳವೆಂಬ ನಾಣ್ಣುಡಿ ಸುಳ್ಳಲ್ಲ. ಗೃಹಸ್ಥರಲ್ಲಿ ನಮ್ಮ ಪ್ರಾರ್ಥನೆ ಇಷ್ಟು. ತಮ್ಮ ಊರಿನ ಶಾಲೆ, ವಾಚನಾಲಯ, ಸಮಾಜಗಳ ಕೊಠಡಿ ತಿಂಗಳಿಗೆ ಎರಡೂವರೆ ಗಂಟೆ ಖಾಲಿಯಿದ್ದರೆ ಅದನ್ನು ಇಂತಹವರಿಗೆ ಕೊಡಿಸಬೇಕು. ಮಗನೋ ಮಗಳೋ ಸೊಸೆಯೋ ಶನಿವಾರ ಸಂಜೆ ಹೋಗಿ ಬರುತ್ತೇನೆಂದರೆ, ಏಕೆಂದು ಒಂದು ಸಲ ಕೇಳಿ, ತಿಳಿದುಕೊಂಡು, ಕಳುಹಿಸಬೇಕು. ಬಿಡುವಿದ್ದರೆ ತಾವೂ ಒಮ್ಮೆ ಜೊತೆಯಲ್ಲಿ ಹೋಗಿ ಕುಳಿತುಕೊಳ್ಳಬಹುದು. ಮೈಸೂರಿನಲ್ಲಾದರೆ ಹಿಂದಿನ ಸಾಲಿನಲ್ಲಿ ಹಿರಿಯರಿಗೆಂದು ಬೆನ್ನೊರಗುವ ಕುರ್ಚಿಗಳನ್ನೇ ಹಾಕಿಸಿದ್ದೇವೆ.